ಮೂಸಿ ನೋಡಿ ಮಾರಿದ ವರ್ಷಗಳು

ಹುಮನಾಬಾದಿನಲ್ಲಿ ಪರಿಚಯದವರು ಕಂಡಾರೆಂದು ವೀರ್ಯ ಪರೀಕ್ಷೆಗೆ ಬಸವಕಲ್ಯಾಣಕ್ಕೆ ಹೋಗಿದ್ದೆ. ನನಗೆ ನಲವತ್ತೆರಡು. ತಲೆ ನೋವು ಬಂದರೆ ಟ್ಯೂಮರ್, ತೇಗು ಬಂದರೆ ಹಾರ್ಟ್ ಅಟ್ಯಾಕ್ ಎಂದು ಹೆದರುವ ಆಸಾಮಿ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಾಗದಿದ್ದಾಗ ಮಾತ್ರ ಹೆದರುವ ಕೆಲಸವನ್ನೆಲ್ಲ ಹೆಂಡತಿ ಸುವರ್ಣಾಳಿಗೆ ಬಿಟ್ಟಿದ್ದೆ. ಸ್ಕ್ಯಾನಿಂಗ್ ಆಕೆಗೆ. ಇಂಜೆಕ್ಷನ್ ಆಕೆಗೆ. ಆಕೆಯ ರಿಪೋರ್ಟುಗಳೆಲ್ಲ ನಾರ್ಮಲ್.

ಕೊನೆಗೆ ನನ್ನದು ಬಂತು.

ಸ್ಪರ್ಮ್ ಕೌಂಟ್ ತೀರಾ ಕಡಿಮೆ. ಇದ್ದವುಗಳಲ್ಲೂ ಹೆಚ್ಚಿನವು ಕದಲುವುದಿಲ್ಲ, ಮಾಲೀಕನಂತೆಯೇ.

"ಏನ್ ಕೆಲಸ ಮಾಡ್ತೀರಿ?" ಡಾಕ್ಟರು ಕೇಳಿದರು.

"ಎಣ್ಣಿ ಅಂಗಡಿ ಅದ್ರಿ. ತೊಗರಿಗಿ ಹೊಡಿಯೋ ಎಣ್ಣಿ."

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಅದರ ಜೋರು ಅಳೆಯುವುದು ಮೂಗಿನಿಂದ. ಮುಡಬಿ ಹಳ್ಳಿಯ ಗಿರಾಕಿ "ಖಡಕ್ ಅದನೋ ಇಲ್ಲೋ ತೋರಸ್ರಿ ಸಾವಕಾರ್" ಎಂದರೆ ಮುಚ್ಚಳ ತೆಗೆದು, ಎರಡು ಹನಿ ಅಂಗೈಗೆ ಉಜ್ಜಿ, ಮೊದಲು ನಾನು ಮೂಸಿ, ಆಮೇಲೆ ಆತನ ಮೂಗಿಗೆ ಹಿಡಿಯುತ್ತಿದ್ದೆ. ಕಣ್ಣಲ್ಲಿ ನೀರು ಬಂದರೆ ಮಾಲು ಅಸಲಿ. ಹದಿನೆಂಟು ವರ್ಷ ಹೀಗೆ. ಅದೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಹಾ ಕುಡಿದವನು ನಾನು.

ಡಾಕ್ಟರು ಪೆನ್ನು ಕೆಳಗಿಟ್ಟರು. ಕೆಲವು ಕೀಟನಾಶಕಗಳು ಚರ್ಮದಿಂದ, ಉಸಿರಿನಿಂದ ಒಳಹೋಗಿ ಹಾರ್ಮೋನುಗಳ ಕೆಲಸ ಕೆಡಿಸುತ್ತವೆ, ವೀರ್ಯಾಣು ತಯಾರಾಗುವುದಕ್ಕೂ ಅಡ್ಡ ಬರಬಹುದು ಎಂದರು.

"ಇದರಿಂದನೇ ಆಗ್ಯದೇನ್ರಿ?"

"ಖಾತ್ರಿ ಹೇಳಾಕ ಬರಂಗಿಲ್ಲ. ಆದ್ರ ಮೂಸೋದು ಇವತ್ತೇ ಬಂದ್ ಮಾಡ್ರಿ. ಹೊಸ ವೀರ್ಯಾಣು ತಯಾರಾಗಾಕ ಸುಮಾರು ಮೂರು ತಿಂಗಳು ಬೇಕು. ಆಮ್ಯಾಲ ಮತ್ತ ನೋಡೂಣು."

ಮೂರು ತಿಂಗಳು ನಾನು ಎಲ್ಲದಕ್ಕೂ ಹೆದರಿದೆ. ಪ್ಲಾಸ್ಟಿಕ್ಕೂ ಹಾರ್ಮೋನು ಕೆಡಿಸುತ್ತದೆಂದು ಎಲ್ಲೋ ಓದಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಅನ್ನ ಬೇಡ. ಪ್ಲಾಸ್ಟಿಕ್ ಕಪ್ಪಿನ ಚಹಾ ಬೇಡ. ಅಂಗಡಿಯಲ್ಲಿ ಗ್ಲೌಸ್ ಹಾಕಿ ಕೂತರೆ ಗಿರಾಕಿಗಳು, "ಏನ್ ಸಾವಕಾರ್, ಆಪರೇಷನ್ ಮಾಡ್ಲಾಕತ್ತೀರೇನು?" ಎಂದು ನಕ್ಕರು. ಮೂಸಿ ತೋರಿಸುವುದಿಲ್ಲ ಎಂದಾಗ ಇಬ್ಬರು ಎದುರಿನ ಅಂಗಡಿಗೆ ಹೋದರು.

ಎರಡನೇ ರಿಪೋರ್ಟಿನಲ್ಲಿ ಕೌಂಟ್ ತುಸು ಏರಿತ್ತು. ತುಸುವೇ. "ಆಸೆ ಇಟ್ಕೋರಿ, ಗ್ಯಾರಂಟಿ ಕೇಳಬ್ಯಾಡ್ರಿ" ಎಂದರು ಡಾಕ್ಟರು.

ಮರಳುವ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಸುವರ್ಣಾ ಕೇಳಿದ್ದು ಒಂದೇ ಮಾತು. "ನಿಮ್ಮ ಅವ್ವಗ ಯಾವಾಗ ಹೇಳ್ತೀರಿ?"

ರಿಪೋರ್ಟಿಗಿಂತ ಅದಕ್ಕೇ ನನಗೆ ಹೆಚ್ಚು ಭಯವಿತ್ತು. ಮನೆಗೆ ಹೋದವನೇ, ಧೈರ್ಯ ಹೋಗುವ ಮೊದಲೇ ಹೇಳಿಬಿಟ್ಟೆ. "ಅವ್ವಾ, ಕೊರತಿ ಆಕಿಗಿಲ್ಲ. ನನಗದ."

ಪುಂಡಿ ಸೊಪ್ಪು ಬಿಡಿಸುತ್ತಿದ್ದ ಅವ್ವ ಮೊರ ಬದಿಗೆ ಸರಿಸಿದಳು. ಸೊಸೆಯ ಕಡೆ ನೋಡಿದಳು.

"ಒಂಬತ್ತು ವರ್ಷ ಕೂಸಿನ ಸಲುವಾಗಿ ಆಕಿಗಿ ಸೋಮವಾರ ಉಪಾಸ ಹಿಡಿಸೀನಲ್ಲೋ." ಮತ್ತೆ ನನ್ನ ಕಡೆ ತಿರುಗಿದಳು. "ಇನ್ನ ಮ್ಯಾಲ ನೀ ಮಾಡು."

ಮಾಡುತ್ತಿದ್ದೇನೆ. ಮಗುವಾದೀತೋ ಇಲ್ಲವೋ, ಗೊತ್ತಿಲ್ಲ. ಸೋಮವಾರ ಮಧ್ಯಾಹ್ನ ಸುವರ್ಣಾ ನನ್ನೆದುರೇ ಕೂತು ಉಣ್ಣುತ್ತಾಳೆ. ಹೊಟ್ಟೆ ಉರಿಯುತ್ತಿದೆ, ಅಲ್ಸರ್ ಇರಬಹುದೇ ಎಂದು ಮೊನ್ನೆ ಕೇಳಿದೆ.

"ಒಂಬತ್ತು ವರ್ಷ ಉಪಾಸ ಮಾಡಿ ನನಗೇನೂ ಆಗಿಲ್ಲಲ್ರಿ," ಎಂದು ಇನ್ನೊಂದು ರೊಟ್ಟಿ ಮುರಿದಳು.