ನೆರಿಡಾಳ ಖಾಲಿ ಡಬ್ಬಿಗಳು

ಆಸ್ಟ್ರೇಲಿಯಾದ ಟೂವುಂಬಾ ಊರಿನ ನೆರಿಡಾ ಹೆಬ್ಬಾವಿನ ಮರಿಗಳನ್ನು ಮಾರುತ್ತಾಳೆ ಅನ್ನುವುದಕ್ಕಿಂತ, ಮಾರದಿರಲು ನೆಪ ಹುಡುಕುತ್ತಾಳೆ ಅನ್ನುವುದೇ ಸರಿ. ತಾನಾಗಿ ಇಲಿಮರಿ ನುಂಗಲು ಕಲಿಯದ ಮರಿ ಅವಳ ಹೊಸಿಲು ದಾಟುವುದಿಲ್ಲ. ಕೊಳ್ಳಲು ಬಂದವರ ಹಾವು ಸಾಕುವ ಪರವಾನಗಿಯನ್ನು ತಿರುಗಿಸಿ ಮುರುಗಿಸಿ ನೋಡಿದ ಮೇಲೂ ಅವಳಿಗೆ ಸಮಾಧಾನವಿಲ್ಲ. "ಪೆಟ್ಟಿಗೆಗೆ ಚಿಲಕ ಇದ್ಯಾ? ಕರೆಂಟ್ ಹೋದ್ರೆ ಕಾವಿಗೆ ಏನ್ ಮಾಡ್ತೀಯ?" ಎಂದು ಕೇಳುತ್ತಾಳೆ. "ಹಾವು ಕೇಳೋಕೆ ಬಂದೆನೋ, ನಿನ್ನ ಮಗಳನ್ನ ಕೇಳೋಕೆ ಬಂದೆನೋ, ಮಾರಾಯ್ತಿ?" ಎಂದು ನಗುವವರುಂಟು. "ಮಗಳಾದ್ರೆ ಕಷ್ಟ ಬಂದಾಗ ಫೋನ್ ಮಾಡ್ತಾಳೆ ಕಣಯ್ಯಾ. ಇದು ಮಾಡುತ್ತಾ?" ಕೊನೆಗೆ ಮರಿ ಕೊಂಡವರ ಕಾರು ತಿರುವಿನಲ್ಲಿ ಮರೆಯಾದರೂ, ಅದು ಇದ್ದ ಖಾಲಿ ಡಬ್ಬಿಯ ಕಾವಿನ ದೀಪವನ್ನು ಅವಳು ಆರಿಸುವುದಿಲ್ಲ. ಹೊಸ ಮನೆಯಲ್ಲಿ ಮರಿ ಉಂಡಿತೆಂದು ಸುದ್ದಿ ಬರುವವರೆಗೂ, ಎಲ್ಲಾದರೂ ವಾಪಸು ಬಂದರೆ ಚಳಿಯಾಗದಿರಲಿ ಎಂದು, ಅದು ಉರಿಯುತ್ತಲೇ ಇರುತ್ತದೆ. ಅಂಥ ಖಾಲಿ ಡಬ್ಬಿಗಳಲ್ಲಿ ಒಂದು ಹೋದ ಬೇಸಿಗೆಯಿಂದ ಇನ್ನೂ ಬೆಚ್ಚಗಿದೆ.