ಅಕ್ಕ ಉಳಿಸಿಟ್ಟ ಹೆಜ್ಜೆಗಳು

ರಾಳದ ವಾಸನೆ ಮೂಗಿಗೆ ಬಡಿದರೆ ಈಗೀಗ ನನಗೆ ಸುಸ್ತಾಗುತ್ತದೆ. ಯಾದಗಿರಿಯ ಪಾಲಿಟೆಕ್ನಿಕ್ಕಿನಲ್ಲಿ ಇಷ್ಟು ವರ್ಷ ಪಾಠ ಹೇಳಿದವನು ಆಡುವ ಮಾತಲ್ಲ ಇದು, ಗೊತ್ತು. ಗಾಜಿನ ನಾರಿಗೆ ರಾಳ ಮೆತ್ತಿ ಮಾಡಿದ ಕಾಂಪೊಸಿಟ್ ಹಲಗೆಯನ್ನು ಯಂತ್ರಕ್ಕೆ ಕೊಟ್ಟು, ಎಷ್ಟು ಸಲ ಬಗ್ಗಿಸಿದರೆ ಮುರಿಯುತ್ತದೆಂದು ಎಣಿಸುವುದೇ ನನ್ನ ಕಸುಬು. ಮೊನ್ನೆ ವಿದ್ಯಾರ್ಥಿಗಳು ಹಲಗೆ ಕೊಯ್ಯುವಾಗ ಆ ವಾಸನೆ ಎದ್ದಿತು. ಶಹಾಪುರದ ಅಕ್ಕ ನೆನಪಾದಳು.

ನಮ್ಮಕ್ಕನನ್ನು ನೀವು ನೋಡಿಲ್ಲ, ಆದರೆ ಅಂಥವರು ನಿಮ್ಮ ಮನೆಯಲ್ಲೂ ಇದ್ದಾರು. ಹೊಸ ಸ್ಟೀಲ್ ಡಬ್ಬಿಯ ಮೇಲಿನ ಚೀಟಿ ಕೀಳುವುದಿಲ್ಲ. ರೇಷ್ಮೆ ಸೀರೆ ಟ್ರಂಕಿನೊಳಗೆ ಮಡಿಸಿದಲ್ಲೇ ಹರಿಯಬೇಕು. ಕೇಳಿದರೆ, "ಬೀಗರು ಬಂದಾಗ ತೆಗದ್ರಾತು." ಸೊಂಟದ ಕೀಲು ಸವೆದು ಅವಳಿಗೆ ಕೃತಕ ಕೀಲು ಹಾಕಿಸಿದೆವು. "ನೆಲದ ಮ್ಯಾಲ ಕೂಡಬ್ಯಾಡ್ರಿ, ಆದ್ರ ದಿನಾ ಅಡ್ಡಾಡ್ರಿ" ಎಂದು ವೈದ್ಯರು ಹೇಳಿ ಕಳಿಸಿದರು. ಅಕ್ಕ ಅಷ್ಟಕ್ಕೆ ಬಿಡಲಿಲ್ಲ.

"ತಮ್ಮಾ, ನೀ ಇಂಥಾದ್ದೇ ಪಾಠ ಹೇಳ್ತಿಯಲ್ಲ. ಇದು ಎಷ್ಟು ವರ್ಷ ಬಾಳತದ?"

ನನಗೆ ಮೇಷ್ಟ್ರಿಕೆ ತಲೆಗೇರಿತು ನೋಡಿ. "ಅದು ವರ್ಷದ ಮ್ಯಾಲ ಇಲ್ಲ ಯಕ್ಕಾ. ನೀ ಎಷ್ಟು ಹೆಜ್ಜಿ ಹಾಕ್ತಿ, ಅಷ್ಟು ಸವೀತದ" ಅಂದೆ. ಪುಸ್ತಕದ ಪ್ರಕಾರ ಸರಿಯೇ.

ಅಂದಿನಿಂದ ಅಕ್ಕ ನಡೆಯುವುದನ್ನೇ ಬಿಟ್ಟಳು. ಕುರ್ಚಿ, ಮಂಚ, ಬಚ್ಚಲು, ಅಷ್ಟೇ. ಬೋನಾಳ ಊರಿಗೆ ಕೊಟ್ಟ ಅವಳ ಮಗಳು ನೀಲಾಗೆ ಬಹಳ ದಿನ ಮಕ್ಕಳಾಗಿರಲಿಲ್ಲ. ಎಂದಾದರೂ ಅವಳ ಬಾಣಂತನ ಮಾಡಬೇಕು, ಅದಕ್ಕೆ ಈ ಕೀಲು ಗಟ್ಟಿಯಿರಬೇಕು ಎಂಬುದು ಅಕ್ಕನ ಎಣಿಕೆ. ನಾನು ಹೋದಾಗಲೆಲ್ಲ ಸೊಂಟ ತಟ್ಟಿ, "ಹೊಸಾದು ಇದ್ದಂಗ ಇಟ್ಟೀನಿ ನೋಡು" ಅನ್ನುತ್ತಿದ್ದಳು. ನಡಿ ಎಂದು ಒಂದೆರಡು ಸಲ ಹೇಳಿದೆ, ಗಟ್ಟಿಯಾಗಿ ಹೇಳಲಿಲ್ಲ. ನನ್ನ ಪಾಠವನ್ನು ಅಷ್ಟು ನಂಬಿದವರು ಬೇರಾರೂ ಇರಲಿಲ್ಲವಲ್ಲ!

ನೀಲಾ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು. ಬಾಣಂತಿಗೆ ನೀರು ಕಾಯಿಸಲು ಎದ್ದ ಅಕ್ಕ ನಾಲ್ಕು ಹೆಜ್ಜೆಗೇ ಗೋಡೆ ಹಿಡಿದು ನಿಂತುಬಿಟ್ಟಳು. ತೊಡೆಯಲ್ಲಿ ಕಸುವೇ ಉಳಿದಿರಲಿಲ್ಲ. ಎಕ್ಸ್‌ರೇ ನೋಡಿದ ವೈದ್ಯರು, "ಕೀಲಿಗೆ ಏನೂ ಆಗಿಲ್ರಿ, ಛಲೋ ಅದ. ಕೂತು ಕೂತು ಕಾಲೇ ಸೋತಾವ" ಅಂದರು. ಕೊನೆಗೆ ಬೋನಾಳದಿಂದ ನೀಲಾಳ ಅತ್ತೆ ಬಂದು, ತವರುಮನೆಯಲ್ಲಿ ಸೊಸೆಯ ಬಾಣಂತನ ಮಾಡಿದರು. ಅಕ್ಕ ಗೋಡೆ ಕಡೆ ಮುಖ ಮಾಡಿ ಅತ್ತಳು. ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಈಗ ಭಾನುವಾರ ಬಂದರೆ, ಎಷ್ಟೇ ದಣಿವಿರಲಿ, ಶಹಾಪುರದ ಬಸ್ಸು ಹತ್ತುತ್ತೇನೆ. ನಿನ್ನೆ ನೀಲಾನೂ ಬಂದಿದ್ದಳು. ಈಗಷ್ಟೇ ನಡೆಯಲು ಕಲಿತ ಕೂಸು ತೂರಾಡುತ್ತ ಬಂದು ಅಜ್ಜಿಯ ಬೆರಳು ಹಿಡಿದು ಜಗ್ಗಿತು. ಅಕ್ಕ ಕುರ್ಚಿಯಿಂದ ಅರ್ಧ ಎದ್ದವಳು ಅಲ್ಲೇ ತಡೆದು ನನ್ನ ಮುಖ ನೋಡಿದಳು.

"ನಡೀಲೇನು ತಮ್ಮಾ?"

ನನ್ನನ್ನು ಎತ್ತಿ ಆಡಿಸಿದವಳು ನನ್ನ ಅಪ್ಪಣೆ ಕೇಳುತ್ತಿದ್ದಳು.

"ನಡಿ ಯಕ್ಕಾ" ಅಂದೆ. "ಸವೆದ್ರ ಸವೀಲಿ."