ಬರೆದುಕೊಳ್ಳದ ಅಂಕ

ಕೊನೆಯ ಸುತ್ತಿಗೆ ಮೊದಲು ಮೂವರು ಸ್ಪರ್ಧಿಗಳಿಗೂ ಲೆಕ್ಕ ಹಾಕಲು ಒಂದೊಂದು ಪ್ಯಾಡು, ಪೆನ್ಸಿಲು ಕೊಟ್ಟರು. ನಾನು ನನ್ನದನ್ನು ಮುಟ್ಟಲಿಲ್ಲ.

ಟಿವಿಯ ಆ ಹಿಂದಿ ಕ್ವಿಜ್‌ನಲ್ಲಿ ಕೊನೆಯ ಪ್ರಶ್ನೆಗೆ ಪಣ ಕಟ್ಟಬೇಕು. ವಿಷಯ ಮಾತ್ರ ಮೊದಲೇ ಹೇಳುತ್ತಾರೆ. ಗಳಿಸಿದ ಅಂಕಗಳಲ್ಲಿ ಎಷ್ಟನ್ನಾದರೂ ಇಡಬಹುದು. ಉತ್ತರ ಸರಿಯಾದರೆ ಅಷ್ಟು ಸೇರುತ್ತದೆ, ತಪ್ಪಾದರೆ ಅಷ್ಟೂ ಹೋಗುತ್ತದೆ. ಮುಂದಿರುವವನ ಲೆಕ್ಕ ಸುಲಭ. ಎರಡನೆಯವರು ಎಲ್ಲವನ್ನೂ ಇಟ್ಟು ಗೆದ್ದರೆ ಅವರ ಅಂಕ ಇಮ್ಮಡಿಯಾಗುತ್ತದೆ, ಅದನ್ನು ಒಂದಂಕದಿಂದ ದಾಟುವಷ್ಟು ಇಡಬೇಕು. ಇದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆ. ಹೆಂಡತಿ ಅಡುಗೆಮನೆಯಿಂದ ಅಂಕಗಳನ್ನು ಕೂಗುತ್ತಿದ್ದಳು, ನಾನು ಹಾಲಿನಿಂದ ಪಣ ಕೂಗುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ತಪ್ಪಲಿಲ್ಲವೆಂದು ನನ್ನ ನೆನಪು.

ಬಹುಮಾನದ ಆಸೆ ಹೆಚ್ಚೇನೂ ಇರಲಿಲ್ಲ. ಅಪ್ಪನಿಗೆ ಬಂದ ಮರೆವು ನನಗೆ ಬಂದಿಲ್ಲ ಎಂಬುದಕ್ಕೆ ಒಂದು ಸಾಕ್ಷಿ ಬೇಕಿತ್ತು. ಉಡುಪಿ ಕಡೆಯಿಂದ ಬಂದು ಮುಂಬೈ ಬಳಿಯ ಡೊಂಬಿವಲಿಯ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಶುರುಮಾಡಿದವರು ಅಪ್ಪ. ಆರು ಟೇಬಲುಗಳ ಆರ್ಡರನ್ನು ಒಂದಕ್ಷರ ಬರೆಯದೆ ಒಪ್ಪಿಸುತ್ತಿದ್ದರಂತೆ. ಮುಂದೆ ಸ್ವಂತ ಹೋಟೆಲು ಮಾಡಿದಾಗಲೂ, ಚೀಟಿ ಹಿಡಿದ ಹುಡುಗರನ್ನು ಕಂಡರೆ, “ಎಂತ, ಅಂಚೆ ಕಚೇರಿಗೆ ಬಂದದ್ದಾ ನೀನು?” ಎಂದು ಹಂಗಿಸುತ್ತಿದ್ದರು. ಅರವತ್ತು ದಾಟುವ ಹೊತ್ತಿಗೆ ಒಂದು ದಿನ ತಮ್ಮದೇ ಹೋಟೆಲಿನ ಮೂಲೆ ಟೇಬಲಿನಲ್ಲಿ ಗಿರಾಕಿಯ ಹಾಗೆ ಕುಳಿತು, ಯಾರೂ ಆರ್ಡರು ತೆಗೆದುಕೊಳ್ಳುತ್ತಿಲ್ಲವೆಂದು ಅತ್ತರು.

ನಾನು ಎಂಎಸ್ಸಿ ಓದಿದವನು. ಎಂಐಡಿಸಿ ಕೈಗಾರಿಕಾ ಪ್ರದೇಶದ ಲ್ಯಾಬಿನಲ್ಲಿ ಒಂದೇ ಸ್ಯಾಂಪಲನ್ನು ಮೂರು ಸಲ ಅಳೆಯುತ್ತೇನೆ. ಯಾರ ಮಾತನ್ನೂ ಸುಲಭಕ್ಕೆ ನಂಬುವವನಲ್ಲ. ಆದರೆ ಆ ದಿನ ದೀಪಗಳ ಕೆಳಗೆ ಪ್ಯಾಡು ಮುಟ್ಟುವುದು ಅವಮಾನವೆನಿಸಿತು. ನನ್ನದು ಹದಿನಾಲ್ಕು ಸಾವಿರ. ಪಕ್ಕದ ಹೆಂಗಸಿನದು ಎಂಟು ಸಾವಿರದ ಆರುನೂರು. ಇಮ್ಮಡಿಯಾದರೆ ಹದಿನೇಳು ಸಾವಿರದ ಇನ್ನೂರು. ಮೂರು ಸಾವಿರದ ಇನ್ನೂರ ಒಂದು ಇಟ್ಟೆ. ವಿಷಯ ರಸಾಯನಶಾಸ್ತ್ರ. ಅಂಗೈಯ ಬಿಸಿಗೇ ಕರಗುವ ಲೋಹ ಯಾವುದೆಂದು ಕೇಳಿದರು. ಗ್ಯಾಲಿಯಂ ಎಂದು ಮುಂದಿದ್ದ ಪರದೆಯ ಮೇಲೆ ಬರೆದೆ, ಅವಳೂ ಬರೆದಳು. ಅವಳು ಇದ್ದುದೆಲ್ಲವನ್ನೂ ಇಟ್ಟಿದ್ದಳು. ಹತ್ತೊಂಬತ್ತು ಸಾವಿರದ ಇನ್ನೂರಕ್ಕೆ ಏರಿ ಗೆದ್ದಳು.

ನಿರೂಪಕ ಅವಳ ಅಂಕವನ್ನು ಎಂಟು ಸಾವಿರವೆಂದು ತಪ್ಪಾಗಿ ಓದಿದ್ದಾನೆಂದು ನಾನು ಪ್ರಸಾರದವರೆಗೂ ನಂಬಿದ್ದೆ, ಭಾವನಿಗೂ ಹಾಗೆಯೇ ಹೇಳಿದ್ದೆ.

ಪ್ರಸಾರವಾದದ್ದು ಒಂದು ಭಾನುವಾರ ಮಧ್ಯಾಹ್ನ. ಖಾರಘರದಲ್ಲಿ ಅಕ್ಕನ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ನಿರೂಪಕ ಸ್ಪಷ್ಟವಾಗಿ ಅವಳದು ಒಂಬತ್ತು ಸಾವಿರದ ಆರುನೂರು ಎಂದ. ಪರದೆಯಲ್ಲಿದ್ದ ನಾನು ಹೌದೆಂದು ತಲೆಯಾಡಿಸಿದೆ.

“ಲೀಡಲ್ಲಿದ್ದವ ಹೀಗೂ ಸೋಲ್ತಾನಾ ಮಾರಾಯ?” ಭಾವ ನಕ್ಕರು. “ಗ್ಯಾಲಿಯಂ ಗೊತ್ತುಂಟು, ಒಂಬತ್ತು ಗೊತ್ತಿಲ್ಲ!”

“ಎಡಿಟ್ ಮಾಡಿದ್ದಾರೆ ಭಾವ. ಅವತ್ತು ಎಂಟು ಅಂದದ್ದು.”

“ಅವರಿಗೆ ಬೇರೆ ಕೆಲ್ಸ ಇಲ್ವಾ?”

ಅಕ್ಕ ನಗಲಿಲ್ಲ. ಟಿವಿ ನೋಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. “ಸಾಕು ಸುಮ್ನಿರಿ” ಎಂದು ಗಂಡನನ್ನು ಗದರಿ ಎದ್ದುಹೋದಳು.

ಮನೆಗೆ ಮರಳುವಾಗ ಥಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಲೋಕಲ್ ಹತ್ತಿದೆವು. ಕಲ್ವಾ ದಾಟಿದ ಮೇಲೆ ಹೆಂಡತಿ ಮೆಲ್ಲಗೆ ಕೇಳಿದಳು: “ಎಡಿಟ್ ಅಂತ ಯಾಕೆ ಹೇಳಿದ್ದು ಅಲ್ಲಿ?”

“ಮತ್ತೆ? ಅವರು ಒಂಬತ್ತು ಅಂದದ್ದು ಇವತ್ತೇ ಗೊತ್ತಾದದ್ದಲ್ವಾ ನನಗೆ.”

“ಇವತ್ತಲ್ಲ. ಶೂಟಿಂಗ್ ಮುಗಿಸಿ ಬಂದ ದಿವ್ಸವೇ ಹೇಳಿದ್ರಿ ನೀವು. ಒಂಬತ್ತನ್ನು ಎಂಟು ಮಾಡಿಕೊಂಡೆ, ತಪ್ಪು ನಂದೇ ಅಂತ. ಚಪ್ಪಲಿ ಸಹ ಬಿಚ್ಚಿರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದ್ರಿ.”

ನನಗೆ ಆ ಬಾಗಿಲು ನೆನಪಿಲ್ಲ, ಮಾತೂ ನೆನಪಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಆದರೂ ಅನುಮಾನಿಸಲು ನೋಡಿದೆ. ನನಗೆ ಬರುವ ವಿದ್ಯೆ ಅದೊಂದೇ. ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

“ನಾಳೆ ಡಾಕ್ಟರ ಹತ್ರ ಹೋಗುವ” ಎಂದಳು. ಆಗಲಿ ಎಂದೆ.

ಕೋಪರ್ ಬಿಟ್ಟೊಡನೆ ಇಳಿಯುವವರು ಬಾಗಿಲಿಗೆ ಸರಿಯತೊಡಗಿದರು. ಮುಂದಿನದು ನಮ್ಮ ಸ್ಟೇಷನ್ ಎಂದು ಗೊತ್ತಿತ್ತು. ಆದರೂ ಅವಳು ಏಳಲಿ ಎಂದು ಕಾದು ಕುಳಿತೆ.